ಹೆರಿಗೆ ಕೋಣೆಯಿಂದ ಹೊರಟ ಒಂದು ಚಿತ್ರ

ಮನೆಯ ಗೋಡೆಯ ಮೇಲೆ ತೂಗುಹಾಕಿದ ಒಂದು ಭಾವಚಿತ್ರ ಆ ಮನೆತನದ ಚರಿತ್ರೆಯನ್ನೇ ಹೇಳಬಲ್ಲದು. ಅಜ್ಜ ಕುರ್ಚಿಯಲ್ಲಿ ಕುಳಿತು, ಅಜ್ಜಿ ಪಕ್ಕದಲ್ಲಿ ನಿಂತು, ಮಕ್ಕಳು ಮುಂದೆ ಸಾಲಾಗಿ ಕುಳಿತು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಅಂಥ ಚಿತ್ರ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಅದಕ್ಕಾಗಿ ಒಂದು ದಿನವನ್ನು ಗೊತ್ತುಮಾಡಬೇಕಾಗಿತ್ತು. ಪ್ರತಿ ಕೈಸೇರಲು ಕೆಲವು ದಿನ ಕಾಯಬೇಕಾಗಿತ್ತು. ದೂರದ ಊರಿನ ಮಗಳಿಗೆ ಅದನ್ನು ಅಂಚೆಯಲ್ಲಿ ಕಳುಹಿಸಬೇಕಾಗಿತ್ತು. ಇಂದಾದರೋ, ಕೂಸು ಕಣ್ಣು ತೆರೆಯುವ ಮೊದಲೇ ಅದರ ಮುಖ ಸಮುದ್ರದಾಚೆಯ ಸೋದರಮಾವನ ಅಂಗೈಯಲ್ಲಿರುತ್ತದೆ. ಈ ಬದಲಾವಣೆಯ ಮೊದಲ ಹೆಜ್ಜೆಗಳಲ್ಲಿ ಒಂದು ಮೂಡಿದ್ದು ಅಮೆರಿಕದ ಒಂದು ಹೆರಿಗೆ ಕೋಣೆಯಲ್ಲಿ ಎಂಬ ಸಂಗತಿ ನಮ್ಮ ಓದುಗ ಬಂಧುಗಳಿಗೆ ಕುತೂಹಲ ಹುಟ್ಟಿಸದಿರದು.

ಗಣಿತದಿಂದ ಗಣಕಕ್ಕೆ

ಫಿಲಿಪ್ ಕಾನ್ ಅವರು 1952ರಲ್ಲಿ ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಜನಿಸಿದರು. ಗಣಿತವನ್ನು ಅಭ್ಯಾಸ ಮಾಡಿ 1982ರಲ್ಲಿ ಅಮೆರಿಕಕ್ಕೆ ತೆರಳಿದರು. ಮರುವರ್ಷವೇ ಬೋರ್ಲ್ಯಾಂಡ್ ಎಂಬ ತಂತ್ರಾಂಶ ಸಂಸ್ಥೆಯನ್ನು ಕಟ್ಟುವುದರಲ್ಲಿ ಮುಂದಾದರು. ನಮ್ಮ ನಾಡಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಟರ್ಬೊ ಸಿ ಎಂಬ ನೀಲಿ ಪರದೆಯ ತಂತ್ರಾಂಶವನ್ನು ಮರೆತಿರಲಾರರು. ಅದು ಈ ಬೋರ್ಲ್ಯಾಂಡ್ ಸಂಸ್ಥೆಯದೇ. ಹೀಗೆ, ಹೆಸರು ತಿಳಿಯದಿದ್ದರೂ ಕಾನ್ ಅವರ ಉದ್ಯಮದ ನೆರಳು ನಮ್ಮ ಮಕ್ಕಳ ಪಾಠದ ಕೋಣೆಯವರೆಗೂ ಬಂದಿತ್ತು.

1994ರಲ್ಲಿ ಅವರು ಸೋನಿಯಾ ಲೀ ಅವರೊಡನೆ ಸ್ಟಾರ್‌ಫಿಶ್ ಎಂಬ ಹೊಸ ಸಂಸ್ಥೆಯನ್ನು ಆರಂಭಿಸಿದರು. ಅಂತರಜಾಲ ಆಗಷ್ಟೇ ಜನಸಾಮಾನ್ಯರ ಮನೆಯನ್ನು ಪ್ರವೇಶಿಸುತ್ತಿದ್ದ ಕಾಲವದು. ಸೋನಿಯಾ ಅವರು ಕಾನ್ ಅವರ ಬಾಳಸಂಗಾತಿಯೂ ಹೌದು, ಮುಂದಿನ ಉದ್ಯಮಗಳಲ್ಲಿ ಸಹಸಂಸ್ಥಾಪಕಿಯೂ ಹೌದು.

1997ರ ಜೂನ್ 11

ಆ ದಿನ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಸೋನಿಯಾ ಅವರು ಪ್ರಸವವೇದನೆಯಲ್ಲಿದ್ದರು. ಚಿತ್ರವೊಂದನ್ನು ಅಂತರಜಾಲದ ಸರ್ವರಿಗೆ ಕಳುಹಿಸಿ, ಅಲ್ಲಿಂದ ಬಂಧುಮಿತ್ರರಿಗೆ ತಲುಪಿಸುವ ಏರ್ಪಾಡೊಂದನ್ನು ರೂಪಿಸುವುದರಲ್ಲಿ ತಾವು ಸುಮಾರು ಒಂದು ವರ್ಷದಿಂದ ತೊಡಗಿದ್ದುದಾಗಿ ಕಾನ್ ಅವರು ಹೇಳಿದ್ದಾರೆ. ಸರ್ವರ್ ಸಿದ್ಧವಾಗಿತ್ತು. ಚಿತ್ರ ತೆಗೆದ ಸ್ಥಳದಿಂದಲೇ ಅದನ್ನು ಅಲ್ಲಿಗೆ ಮುಟ್ಟಿಸುವ ದಾರಿ ಮಾತ್ರ ಇರಲಿಲ್ಲ.

ಕೈಯಲ್ಲಿದ್ದುದು ಮೂರು ಉಪಕರಣಗಳು: ಒಂದು ಕ್ಯಾಸಿಯೊ ಡಿಜಿಟಲ್ ಕ್ಯಾಮರಾ, ಒಂದು ಮೋಟರೋಲಾ ಸ್ಟಾರ್‌ಟ್ಯಾಕ್ ಮೊಬೈಲ್ ದೂರವಾಣಿ, ಒಂದು ಲ್ಯಾಪ್‌ಟಾಪ್. ಹೆರಿಗೆಗಾಗಿ ಕಾಯುತ್ತಿದ್ದ ಗಂಟೆಗಳಲ್ಲಿ ಅವರು ಆಸ್ಪತ್ರೆಯಲ್ಲೇ ಕುಳಿತು ತಂತಿಗಳನ್ನು ಬೆಸೆದು ಈ ಮೂರನ್ನೂ ಒಂದುಗೂಡಿಸಿದರು. ಹೆಂಡತಿ ಹೆರಿಗೆನೋವು ತಿನ್ನುತ್ತಿರುವಾಗ ಗಂಡ ಬೆಸುಗೆ ಹಾಕುತ್ತ ಕುಳಿತ ಈ ಚಿತ್ರವನ್ನು ನೆನೆದು ನಮ್ಮ ತಾಯಂದಿರು ನಕ್ಕಾರು, ಇಲ್ಲವೇ ಗದರಿಸಿಯಾರು!

ಮಗಳು ಹುಟ್ಟಿದಳು. ತಂದೆ ಅವಳ ಚಿತ್ರ ತೆಗೆದರು. ಕ್ಯಾಮರಾದಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ದೂರವಾಣಿಯ ಮೂಲಕ ಸರ್ವರಿಗೆ ಆ ಚಿತ್ರ ಸಾಗಿತು. ಸರ್ವರು ವಿಳಾಸದ ಪಟ್ಟಿಯಲ್ಲಿದ್ದವರಿಗೆಲ್ಲ ಮಿಂಚಂಚೆ ಕಳುಹಿಸಿತು. ಬಂಧುಗಳು, ಸ್ನೇಹಿತರು, ಉದ್ಯಮದ ಒಡನಾಡಿಗಳು ಸೇರಿ ಎರಡು ಸಾವಿರಕ್ಕೂ ಮಿಕ್ಕಿದ ಜನ ಜಾಲಪುಟದಲ್ಲಿ ಆ ಹಸುಗೂಸಿನ ಮುಖವನ್ನು ಕಾಣುವಂತಾಯಿತು. ಆ ಬಗೆಯ ಕ್ಯಾಮರಾದ ಚಿತ್ರದಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240, ಒಟ್ಟು 76,800 ಚುಕ್ಕೆಗಳು ಮಾತ್ರ. ಇಂದಿನ ಸಾಧಾರಣ ಮೊಬೈಲಿನ ಚಿತ್ರದಲ್ಲಿ ಅದರ ನೂರೈವತ್ತು ಪಟ್ಟಿಗೂ ಹೆಚ್ಚು ಚುಕ್ಕೆಗಳಿರುತ್ತವೆ. ಆದರೂ 2016ರಲ್ಲಿ ಟೈಮ್ ಪತ್ರಿಕೆ ಸರ್ವಕಾಲದ ಅತ್ಯಂತ ಪ್ರಭಾವಶಾಲಿ 100 ಛಾಯಾಚಿತ್ರಗಳನ್ನು ಆರಿಸಿದಾಗ, ಮಂಕಾದ ಈ ಚಿತ್ರಕ್ಕೂ ಅಲ್ಲಿ ಸ್ಥಾನ ದೊರೆಯಿತು.

ಸಂದರ್ಶನಗಳಲ್ಲಿ ಉಳಿದ ಕಥೆ

ಪತ್ರಿಕೆಗಳಿಗೂ ದೂರದರ್ಶನ ವಾಹಿನಿಗಳಿಗೂ ಕೊಟ್ಟ ಸಂದರ್ಶನಗಳಲ್ಲಿ ಕಾನ್ ಅವರು ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿದ್ದಾರೆ. ಕ್ಯಾಮರಾ ಇದ್ದ ಮೊದಲ ದೂರವಾಣಿ ಯಾರದು ಎಂಬ ಬಗ್ಗೆ ವಾದಗಳುಂಟು. ಜಪಾನಿನಲ್ಲಿ 1999ರಲ್ಲಿಯೇ ಕ್ಯೋಸೆರಾ ಸಂಸ್ಥೆ ಕ್ಯಾಮರಾ ಸಹಿತವಾದ ದೂರವಾಣಿಯನ್ನು ಮಾರಾಟಕ್ಕೆ ತಂದಿತು. 2000ದಲ್ಲಿ ಶಾರ್ಪ್ ಸಂಸ್ಥೆಯ ದೂರವಾಣಿ ಬಂದಿತು. ಕಾನ್ ದಂಪತಿಗಳು 1998ರಲ್ಲಿ ಸ್ಥಾಪಿಸಿದ ಲೈಟ್‌ಸರ್ಫ್ ಸಂಸ್ಥೆಯ ಏರ್ಪಾಡು 2002ರಲ್ಲಿ ಅಮೆರಿಕದ ಸ್ಪ್ರಿಂಟ್ ದೂರವಾಣಿ ಗ್ರಾಹಕರ ಕೈಸೇರಿತು. ಯಂತ್ರದ ಮಟ್ಟಿಗೆ ಪಾಲುದಾರರು ಅನೇಕರು. ಕಾನ್ ಅವರ ಕಥೆಯ ವಿಶೇಷವಿರುವುದು ಕ್ಯಾಮರಾ, ದೂರವಾಣಿ, ಜಾಲತಾಣ ಇವು ಮೂರನ್ನೂ ಒಂದು ಮನೆಯ ಸಂತೋಷಕ್ಕಾಗಿ ಹೆಣೆದುದರಲ್ಲಿ. ವೃತ್ತಿಯಲ್ಲಿ ಗಳಿಸಿದ ವಿದ್ಯೆ ಸಂಸಾರಕ್ಕೆ ಹೀಗೂ ಒದಗಬಹುದೆಂಬುದನ್ನು ಜಾಲತಾಣ ಕಟ್ಟುವ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ಗಮನಿಸಬೇಕು.

ನಾವೇ ಮಾಡಿದ ಒಂದು ತಪ್ಪು

ಈ ಕಥೆಯನ್ನು ಓದಿದಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಗಿ ಮನಸ್ಸು ಕುಗ್ಗಿತು. ಕೆಲವು ವರ್ಷಗಳ ಹಿಂದೆ ನಮ್ಮ ತಮ್ಮನ ಮಗಳಿಗೆ ಹೆರಿಗೆಯಾಯಿತು. ಅಳಿಯಂದಿರು ಉದ್ಯೋಗದ ನಿಮಿತ್ತ ದುಬೈಯಲ್ಲಿದ್ದರು. ಬಾಣಂತಿ ದಣಿದು ಮಲಗಿದ್ದಳು. ನಾವು ಹರ್ಷದ ಭರದಲ್ಲಿ ಕೂಸಿನ ಚಿತ್ರ ತೆಗೆದು, ಬಂಧುಬಳಗದ ದೊಡ್ಡ ವಾಟ್ಸಾಪ್ ಗುಂಪಿಗೆ ಕಳುಹಿಸಿಬಿಟ್ಟೆವು. ಅಲ್ಲಿಂದ ಯಾರೋ ಯಾರಿಗೋ ಕಳುಹಿಸಿ, ಕೊನೆಗೆ ಅದು ಅಳಿಯಂದಿರ ಸಹೋದ್ಯೋಗಿಯೊಬ್ಬರನ್ನು ತಲುಪಿತು. ತಂದೆಯಾದವರು ತಮ್ಮ ಮಗುವಿನ ಮುಖವನ್ನು ಮೊದಲ ಬಾರಿಗೆ ಕಂಡದ್ದು ಪರರ ಮೊಬೈಲಿನಲ್ಲಿ! ಎಚ್ಚರಗೊಂಡ ಮಗಳು ನಮ್ಮನ್ನು ಬಯ್ಯಲಿಲ್ಲ. "ದೊಡ್ಡಪ್ಪಾ, ಅವರಿಗೆ ನಾನೇ ತೋರಿಸಬೇಕಂತ ಇದ್ದೆ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಸಾಂಟಾ ಕ್ರೂಜಿನ ಆ ಚಿತ್ರ ತಂದೆಯ ಕೈಯಿಂದ ಹೊರಟಿತ್ತು. ಅದು ಯಾರಿಗೆ ತಲುಪಬೇಕೆಂಬ ಪಟ್ಟಿಯೂ ಅವರದೇ ಆಗಿತ್ತು. ಆ ಪಟ್ಟಿಯೂ ಚಿಕ್ಕದೇನಲ್ಲ, ಅದರಲ್ಲಿದ್ದವರೆಲ್ಲ ನೆಂಟರೂ ಅಲ್ಲ. ಆದರೂ ಅದಕ್ಕೊಂದು ಎಲ್ಲೆಯಿತ್ತು. ನಾವು ಕಳುಹಿಸಿದ ಚಿತ್ರಕ್ಕೆ ಎಲ್ಲೆಯೂ ಇರಲಿಲ್ಲ, ಹೆತ್ತವರ ಒಪ್ಪಿಗೆಯೂ ಇರಲಿಲ್ಲ. ಕಾಗದದ ಪ್ರತಿಯನ್ನಾದರೆ ಮರಳಿ ಕೇಳಿ ಪಡೆಯಬಹುದಿತ್ತು. ಒಮ್ಮೆ ಹರಡಿದ ಇಂಥ ಚಿತ್ರವನ್ನು ಎಲ್ಲರ ಕೈಯಿಂದ ಹಿಂಪಡೆಯುವ ಉಪಾಯವಿಲ್ಲ.

ಹಸುಗೂಸನ್ನು ಬಂದಬಂದವರಿಗೆಲ್ಲ ತೋರಿಸಬಾರದು, ದೃಷ್ಟಿ ತಾಗುವುದೆಂದು ಹಿರಿಯರು ಹೇಳುತ್ತಿದ್ದರು. ದೃಷ್ಟಿಯ ಮಾತು ನಂಬಿಕೆಗೆ ಬಿಟ್ಟದ್ದು. ಆದರೆ ಆಡಲು ಬಾರದ ಮಗುವಿನ ಪರವಾಗಿ ದೊಡ್ಡವರು ಕಾವಲಿರಬೇಕೆಂಬ ವಿವೇಕ ಅದರಲ್ಲಿತ್ತು. ಕಾನ್ ಅವರ ಹುಟ್ಟುನಾಡಾದ ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಇದಕ್ಕಾಗಿಯೇ ಒಂದು ಕಾನೂನು ಬಂದಿದೆ. ಮಗುವಿನ ಚಿತ್ರದ ಮೇಲೆ ಮಗುವಿಗೇ ಹಕ್ಕುಂಟು; ತಂದೆತಾಯಿಗಳಿಬ್ಬರೂ ಕೂಡಿ ಅದನ್ನು ಕಾಪಾಡಬೇಕು; ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮಗುವನ್ನೂ ಆ ವಿಚಾರದಲ್ಲಿ ಸೇರಿಸಿಕೊಳ್ಳಬೇಕು ಎಂಬುದು ಅದರ ಸಾರ. ನಮ್ಮ ಮನೆಗಳಲ್ಲಿ ಇದಕ್ಕಾಗಿ ಕಾನೂನಿನ ದಾರಿ ಕಾಯಬೇಕೆ?

ಮನೆಮನೆಗೊಂದು ಬಿನ್ನಹ

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಕೂಸಿನ ಮೊದಲ ಚಿತ್ರವನ್ನು ಕಳುಹಿಸುವ ಅಧಿಕಾರ ಹೆತ್ತವರಿಗೇ ಇರಲಿ. ಅಜ್ಜ, ದೊಡ್ಡಪ್ಪ, ಸೋದರತ್ತೆಯರು ಎಷ್ಟೇ ಹಿರಿಯರಾದರೂ ಮೊದಲು ಕೇಳಲಿ. ದೊಡ್ಡ ಗುಂಪಿಗೆ ಕಳುಹಿಸುವುದಕ್ಕಿಂತ, ಯಾರಿಗೆ ತಲುಪಬೇಕೋ ಅವರ ಹೆಸರಿಗೇ ಕಳುಹಿಸಿರಿ. ಬುದ್ಧಿ ಬಂದ ಮಗು ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಿರಿ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆದಿಡಿರಿ. ಮೊಬೈಲು ಕೆಟ್ಟ ದಿನ ಅವೇ ಮನೆಯ ಆಸ್ತಿ.

ಇತ್ತೀಚೆಗೆ ಅದೇ ಮಗಳಿಗೆ ಎರಡನೆಯ ಹೆರಿಗೆಯಾಯಿತು. ನಾವು ತೊಟ್ಟಿಲ ಬಳಿ ನಿಂತು ಕೂಸನ್ನು ಕಣ್ತುಂಬ ನೋಡಿದೆವು. ಮೊಬೈಲು ಜೇಬಿನಲ್ಲಿಯೇ ಇತ್ತು. ಮಗಳು ತಾನೇ ಚಿತ್ರ ತೆಗೆದು ದುಬೈಗೆ ಕಳುಹಿಸಿದಳು. ಆಮೇಲೆ ನಗುತ್ತ, "ದೊಡ್ಡಪ್ಪಾ, ಈಗ ನಿಮ್ಮ ಸರದಿ" ಎಂದಳು.