ಬೆಳೆಯುವ ಮಕ್ಕಳಿಗೆ ದೊಡ್ಡ ಹೆಲ್ಮೆಟ್ಟೇ?

ಸಮವಸ್ತ್ರವನ್ನು ಒಂದು ಅಳತೆ ದೊಡ್ಡದೇ ಹೊಲಿಸುವುದು ನಮ್ಮ ಮನೆಗಳ ರೂಢಿ. ‘ಮುಂದಿನ ವರ್ಷಕ್ಕೂ ಆಗುತ್ತದೆ’ ಎಂಬ ಆ ಲೆಕ್ಕ ಸೈಕಲ್ ಹೆಲ್ಮೆಟ್ಟಿಗೆ ಸಲ್ಲದು. ಬಿದ್ದಾಗ ಸಡಿಲ ಹೆಲ್ಮೆಟ್ ಹಿಂದಕ್ಕೆ ಜಾರಿದರೆ ಹಣೆಗೆ ರಕ್ಷಣೆಯೇ ಇಲ್ಲ.

2003ರ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಹೆಲ್ಮೆಟ್ ಧರಿಸದ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ವೃತ್ತಿಪರ ರಸ್ತೆ ಸ್ಪರ್ಧೆಗಳಲ್ಲಿ ಅದು ಕಡ್ಡಾಯವಾಯಿತು.

ಹುಬ್ಬಿನ ತುಸು ಮೇಲೆ ತಲೆಯ ಸುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಮಟ್ಟಸವಾಗಿ ಕೂರಬೇಕು. ತಲೆ ಅಲ್ಲಾಡಿಸಿದರೆ ಜಾರಬಾರದು. ಗದ್ದದ ಪಟ್ಟಿಯಡಿ ಒಂದು ಬೆರಳಷ್ಟೇ ನುಸುಳಲಿ. ಜಡೆ, ಜುಟ್ಟು ಇರುವವರು ದಿನವೂ ಕಟ್ಟುವಂತೆಯೇ ಕಟ್ಟಿಕೊಂಡು ಹಾಕಿ ನೋಡಬೇಕು. ಹಿಂಬದಿಯ ತಿರುಪು ಬಿಗಿದರೆ ದೊಡ್ಡದೂ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ಒಳಗಿನ ಥರ್ಮೋಕೋಲ್ ಒಮ್ಮೆ ನಜ್ಜಾದರೆ ಮೊದಲಿನಂತಾಗದು. ಅಣ್ಣನ ಹೆಲ್ಮೆಟ್ಟನ್ನು ತಮ್ಮನಿಗೆ ದಾಟಿಸುವ ಮುನ್ನ, ಅದನ್ನು ಹಾಕಿಕೊಂಡು ಎಲ್ಲಾದರೂ ಬಿದ್ದಿದ್ದನೇ ಎಂದು ಕೇಳಿ.