ದೊಡ್ಡ ಪರದೆ ಎಚ್ಚರಾಗದಿದ್ದರೆ ಗಾಬರಿಯಾಗಬೇಡಿ

ಸೋದರಿಯರೇ, ಮಿಕ್ಸರ್ ತಿರುಗದಿದ್ದರೆ ಮೊದಲು ಪ್ಲಗ್ ನೋಡುತ್ತೀರಿ. ಗ್ಯಾಸ್ ಹತ್ತದಿದ್ದರೆ ರೆಗ್ಯುಲೇಟರ್ ಮುಟ್ಟಿ ನೋಡುತ್ತೀರಿ. ಆದರೆ ಕಂಪ್ಯೂಟರ್ ಅಂದ ಕೂಡಲೇ ನಾವು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಯಾಕೆ ಹೇಳಿ?

2020ರ ಲಾಕ್‌ಡೌನ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳು, ಸೊಸೆಯಂದಿರು ಊರಲ್ಲಿ ಕೂತೇ ಕಚೇರಿ ಕೆಲಸ ಮಾಡುವುದು ರೂಢಿಯಾಯಿತು. ನಮ್ಮ ಕದರಮಂಡಲಗಿಯಂಥ ಊರಲ್ಲೂ ಲ್ಯಾಪ್‌ಟಾಪಿನ ಪಕ್ಕ ಟಿ.ವಿ.ಯಂಥ ಮಾನಿಟರ್ ಕಾಣುತ್ತದೆ. ಸಣ್ಣ ಪರದೆ ನೋಡಿ ಕಣ್ಣು, ಕುತ್ತಿಗೆ ನೋಯಬಾರದೆಂದು ಇದನ್ನು ಜೋಡಿಸುತ್ತಾರೆ. ಊಟ ಮುಗಿಸಿ ಬಂದು ಮುಚ್ಚಳ ತೆಗೆದರೆ ಲ್ಯಾಪ್‌ಟಾಪ್ ಎದ್ದಿರುತ್ತದೆ, ಮಾನಿಟರ್ ಮಾತ್ರ ಕಪ್ಪಗೆ ಕೂತಿರುತ್ತದೆ.

ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಸೊಸೆಗೆ ಹೊಸ ನೌಕರಿ, ಇನ್ನೂ ಕಾಯಂ ಆಗಿಲ್ಲ. ಮೂರು ದಿನ ಮಧ್ಯಾಹ್ನದ ಮೀಟಿಂಗಿಗೆ ತಡವಾಯಿತು. ಅಂಗಡಿಯವರು “ಪರದೆ ಸುಟ್ಟಿದೆ, ಹೊಸದು ತಗೊಳ್ರಿ” ಅಂದರು. ಮನೆಯಲ್ಲಿ “ಇಷ್ಟು ರಗಳೆ ಆದರೆ ಈ ನೌಕರಿಯಾದರೂ ಯಾಕ ಬೇಕವ್ವಾ?” ಎಂಬ ಮಾತೂ ಬಂತು. ಕಡೆಗೆ ನೋಡಿದರೆ ಪರದೆಗೆ ಏನೂ ಆಗಿರಲಿಲ್ಲ. ಮಾನಿಟರಿನ ಮೆನುವಿನಲ್ಲಿದ್ದ ‘ಡೀಪ್ ಸ್ಲೀಪ್’ ಆಫ್ ಮಾಡಿದ್ದಷ್ಟೇ, ಸರಿಹೋಯಿತು. ಇಷ್ಟು ತಿಳಿಯದೆ ಒಬ್ಬಳ ದುಡಿಮೆಗೇ ಕುತ್ತು ಬರುವುದರಲ್ಲಿತ್ತು ನೋಡಿ.

ಯಾಕೆ ಹೀಗಾಗುತ್ತದೆ?

ಕೇಬಲ್ಲಿನಲ್ಲಿ ಚಿತ್ರವೊಂದೇ ಹೋಗುವುದಿಲ್ಲ, ಮಾತುಕತೆಯೂ ನಡೆಯುತ್ತದೆ. ಲ್ಯಾಪ್‌ಟಾಪ್ ಎದ್ದಾಗ “ಅತ್ತ ಕಡೆ ಯಾರಿದ್ದೀರಿ?” ಎಂದು ಕೇಳುತ್ತದೆ. ಮಾನಿಟರ್ ತನ್ನ ಹೆಸರು, ಅಳತೆ ಹೇಳಬೇಕು. ಅದು ಗಾಢ ನಿದ್ದೆಯಲ್ಲಿದ್ದು ಉತ್ತರ ಕೊಡದಿದ್ದರೆ, ಯಾರೂ ಇಲ್ಲವೆಂದು ತಿಳಿದು ಲ್ಯಾಪ್‌ಟಾಪ್ ಚಿತ್ರ ಕಳಿಸುವುದೇ ಇಲ್ಲ.

ಹೀಗೆ ಒಂದೊಂದಾಗಿ ನೋಡಿ

1. ಮಾನಿಟರಿನ ಸಣ್ಣ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಸ್ವಿಚ್, ಪ್ಲಗ್, ಅಡಾಪ್ಟರ್ ನೋಡಬೇಕು. ದೀಪ ಕಿತ್ತಳೆ ಬಣ್ಣದಲ್ಲಿದ್ದರೆ ಅಥವಾ ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಕರೆಂಟ್ ಇದೆ, ಚಿತ್ರ ಬರುತ್ತಿಲ್ಲ ಎಂದರ್ಥ.

2. ಕೀಲಿಮಣೆಯ ಒಂದು ಕೀ ಒತ್ತಿ ಸ್ವಲ್ಪ ಕಾಯಿರಿ. ಏಳದಿದ್ದರೆ ಮಾನಿಟರಿನ ಗುಂಡಿ ಒತ್ತಿ ಆರಿಸಿ, ಮತ್ತೆ ಹಚ್ಚಿ. ಆಗಲೂ ಏಳದಿದ್ದರೆ ಗೋಡೆಯ ಪ್ಲಗ್ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ.

3. ಕೇಬಲ್ಲನ್ನು ಎರಡೂ ತುದಿಯಲ್ಲಿ ತೆಗೆದು ಗಟ್ಟಿಯಾಗಿ ಕೂಡಿಸಿ. ನಡುವೆ ಹಬ್ ಎಂಬ ಸಣ್ಣ ಡಬ್ಬಿ ಇದ್ದರೆ ಅದನ್ನೂ ತೆಗೆದು ಹಾಕಿ.

4. ಮಾನಿಟರಿನ ಗುಂಡಿಯಿಂದ ಮೆನು ತೆಗೆದು ‘ಇನ್‌ಪುಟ್’ ನೋಡಿ. ಕೇಬಲ್ ಎಚ್‌ಡಿಎಂಐ 1ರಲ್ಲಿದ್ದು ಮೆನು ಎಚ್‌ಡಿಎಂಐ 2ಕ್ಕೆ ಹೋಗಿದ್ದರೆ ಚಿತ್ರ ಬರುವುದು ಹೇಗೆ?

5. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದರೆ, ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿನುಗುತ್ತದೆ. ಇದು ಚಿತ್ರ ಕಳಿಸುವ ಭಾಗವನ್ನು ಮಾತ್ರ ಹೊಸದಾಗಿ ಶುರುಮಾಡುತ್ತದೆ, ತೆರೆದಿಟ್ಟ ಕೆಲಸ ಮುಚ್ಚಿಹೋಗುವುದಿಲ್ಲ.

6. ಕಡೆಗೆ, ಕೆಲಸ ಸೇವ್ ಮಾಡಿ ‘ರಿಸ್ಟಾರ್ಟ್’ ಕೊಡಿ. ‘ಶಟ್‌ಡೌನ್’ ಸಾಲದು, ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಹಳೆಯ ಸ್ಥಿತಿಯ ಸ್ವಲ್ಪ ಭಾಗ ಉಳಿದುಕೊಂಡಿರುತ್ತದೆ.

ದಿನಾಲೂ ಹೀಗೇ ಆದರೆ

ಮಾನಿಟರಿನ ಮೆನುವಿನಲ್ಲಿ ‘ಡೀಪ್ ಸ್ಲೀಪ್’ ಇದ್ದರೆ ಆಫ್ ಮಾಡಿ. ಇನ್‌ಪುಟ್ ‘ಆಟೋ’ ಎಂದಿದ್ದರೆ, ಕೇಬಲ್ ಇರುವ ಜಾಗವನ್ನೇ ಕಾಯಂ ಮಾಡಿ. ವಿಂಡೋಸ್ ಅಪ್‌ಡೇಟ್ ಹಾಗೂ ಲ್ಯಾಪ್‌ಟಾಪ್ ಕಂಪನಿಯ ಗ್ರಾಫಿಕ್ಸ್ ಡ್ರೈವರ್ ಹೊಸದಿದೆಯೋ ನೋಡಲು ಮಕ್ಕಳಿಗೆ ಹೇಳಿ.

ಮುಚ್ಚಳ ಮುಚ್ಚಿಟ್ಟು ದೊಡ್ಡ ಪರದೆಯಲ್ಲೇ ಕೆಲಸ ಮಾಡುವವರು ಕಂಟ್ರೋಲ್ ಪ್ಯಾನೆಲ್ಲಿನ ‘ಪವರ್ ಆಪ್ಷನ್ಸ್’ನಲ್ಲಿ, ಚಾರ್ಜರ್ ಹಾಕಿದ್ದಾಗ ಮುಚ್ಚಳ ಮುಚ್ಚಿದರೆ ‘ಡು ನಥಿಂಗ್’ ಎಂದು ಇಡಬೇಕು. ಆದರೆ ಹಾಗಿಟ್ಟ ಮೇಲೆ ಚಾರ್ಜರಿಗೆ ಹಾಕಿದ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ, ಬಟ್ಟೆಯ ನಡುವೆ ಮುಚ್ಚಿಡಬೇಡಿ, ಬಿಸಿಯಾಗುತ್ತದೆ.

ಒಂದು ಕಿವಿಮಾತು. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಮ್ಮೆಲೇ ಸುರಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದಿಲ್ಲ. ಇಲ್ಲಿಯೂ ಒಂದು ಬದಲಾವಣೆ ಮಾಡಿ, ಪರೀಕ್ಷಿಸಿ, ನಂತರ ಇನ್ನೊಂದು. ಯಾವುದರಿಂದ ಸರಿಯಾಯಿತೆಂದು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಅಂಗಡಿಗೆ ಒಯ್ಯುವ ಮುನ್ನ

ಮಾನಿಟರ್ ಹಚ್ಚಿಟ್ಟು ಅದರ ಕೇಬಲ್ ಪೂರ್ತಿ ತೆಗೆಯಿರಿ. ‘ನೋ ಸಿಗ್ನಲ್’ ಎಂದೋ ಕಂಪನಿಯ ಗುರುತೋ ಮೂಡಿದರೆ ಪರದೆ ಸುಟ್ಟಿಲ್ಲ, ಜೀವಂತವಾಗಿದೆ. ನಂತರ ಅದೇ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಮನೆಯ ಟಿ.ವಿ.ಗೆ ಜೋಡಿಸಿ. ಚಿತ್ರ ಬಂದರೆ ಲ್ಯಾಪ್‌ಟಾಪ್, ಕೇಬಲ್ ಎರಡೂ ಕೆಲಸ ಮಾಡುತ್ತಿವೆ. ಬರದಿದ್ದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಎಲ್ಲಕ್ಕಿಂತ ಅಗ್ಗದ ವಸ್ತು ಅದೇ. ದೀಪವೂ ಇಲ್ಲ, ಅಕ್ಷರವೂ ಮೂಡುವುದಿಲ್ಲ ಎಂದಾದರೆ ಮಾತ್ರ ವಾರಂಟಿಯ ಚೀಟಿ ಹುಡುಕಿ ರಿಪೇರಿಗೆ ಕೊಡಿ.

ಹಿಂದಿನ ಮುಚ್ಚಳವನ್ನಂತೂ ಬಿಚ್ಚಬೇಡಿ, ಒಳಗಿನ ವಿದ್ಯುತ್ ಅಪಾಯ. ಒದ್ದೆ ಕೈಯಿಂದ ಪ್ಲಗ್ ಮುಟ್ಟಬೇಡಿ. ಗುಡುಗು ಮಿಂಚಿದ್ದಾಗ ಮೊದಲೇ ಪ್ಲಗ್ ತೆಗೆದಿಡಿ.

ಇಷ್ಟು ತಿಳಿದುಕೊಳ್ಳಲು ಇಂಜಿನಿಯರ್ ಓದಬೇಕಿಲ್ಲ, ನೋಡುವ ಕಣ್ಣು, ತಾಳ್ಮೆ ಸಾಕು. ಇನ್ನೊಮ್ಮೆ ಮಗಳೋ ಸೊಸೆಯೋ ಕಪ್ಪು ಪರದೆ ಮುಂದೆ ಕಣ್ಣೀರು ಹಾಕುವ ಹೊತ್ತಿಗೆ, “ತಡಿಯವ್ವಾ, ಮೊದಲು ದೀಪ ಯಾವ ಬಣ್ಣ ಐತಿ ನೋಡೋಣು” ಎಂದು ನೀವೇ ಮುಂದಾಗಿ.