ಲೈಟ್ ಆರಿಸೋದು ರಿಪೇರಿ ಅಲ್ಲ

ನಮ್ಮ ಮನೆ ಬೈಂದೂರಿನ ಹತ್ತಿರ. ಅಮ್ಮಮ್ಮನಿಗೆ ತಿಂಗಳಿಗೆ ಎರಡು ಸಲ ಮಣಿಪಾಲದಲ್ಲಿ ಚೆಕಪ್ ಇರುತ್ತೆ. ಮರವಂತೆ, ಕುಂದಾಪುರ, ಬ್ರಹ್ಮಾವರ ದಾಟಿ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್. ಹೋಗೋದು ಅಪ್ಪಯ್ಯನ 2014ರ ಪೆಟ್ರೋಲ್ ಕಾರಿನಲ್ಲಿ. ಈ ಕಾರಿಗೆ ಒಂದು ಕಾಯಿಲೆ ಇತ್ತು. ಮಳೆಗಾಲ ಶುರುವಾದ್ರೆ ಸಾಕು, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟ್ ಹತ್ತುತ್ತಿತ್ತು.

ಒಂದು ಗ್ಯಾರೇಜ್‌ನಲ್ಲಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ಮೂರು ವಾರಕ್ಕೆ ಲೈಟ್ ವಾಪಸ್. ಇನ್ನೊಂದು ಕಡೆ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ, "ಇನ್ನ್ ಬತ್ತಿಲ್ಲೆ" ಅಂದರು. ಬಂತು. ಅಪ್ಪಯ್ಯನಿಗೆ ಸಾಕಾಗಿ ಹೋಯ್ತು. "ದಾರಿ ಮಧ್ಯ ನಿಂತ್ರೆ ಅಮ್ಮಮ್ಮನ್ನ ಎಂತ ಮಾಡುದ್? ಕಾರ್ ಕೊಟ್ಟ್ ಬಿಡುವ" ಅಂದರು. ಎಂಜಿನಿಯರಿಂಗ್ ಓದೋ ನಾನು ಸುಮ್ಮನೆ ಕೂತಿದ್ದೆ. ಸ್ವಲ್ಪ ನಾಚಿಕೆ ಆಯ್ತು, ನಿಜ.

ಈ ಲೈಟ್ ಹೇಳೋದೇನು?

ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋ ವ್ಯವಸ್ಥೆಗೆ ಒಬಿಡಿ ಅಂತ ಹೆಸರು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಒಬಿಡಿ-2 ಕಡ್ಡಾಯ ಆಯ್ತು. ನಮ್ಮಲ್ಲಿ ಬಿಎಸ್4 ನಿಯಮದ ಕಾರುಗಳಿಗೆ 2010ರಲ್ಲಿ ಒಬಿಡಿ-1, 2013ರಲ್ಲಿ ಒಬಿಡಿ-2 ಬಂತು. ಸ್ಟೀರಿಂಗ್ ಕೆಳಗೆ 16 ಪಿನ್‌ನ ಒಂದು ಸಾಕೆಟ್ ಇರುತ್ತೆ. ಅದಕ್ಕೆ ಬ್ಲೂಟೂತ್ ಡಾಂಗಲ್ ಹಾಕಿದರೆ ಕೋಡ್ ಮೊಬೈಲ್‌ನಲ್ಲೇ ಓದಬಹುದು. ಹಾಸ್ಟೆಲ್ ಗೆಳೆಯನ ಹತ್ತಿರ ಒಂದು ಇಎಲ್‌ಎಂ327 ಡಾಂಗಲ್ ಇತ್ತು. ರಜೆಗೆ ಊರಿಗೆ ಹೋಗುವಾಗ ಅದನ್ನೇ ತಗೊಂಡು ಹೋದೆ.

ಒಂದು ವಿಷಯ ಮೊದಲೇ ಹೇಳ್ತೀನಿ. ಎಂಜಿನ್ ಕಂಪ್ಯೂಟರ್‌ಗೆ, ಅಂದ್ರೆ ಇಸಿಯುಗೆ, ಯಾವ ಪಾರ್ಟ್ ಹಾಳಾಗಿದೆ ಅಂತ ಕಾಣೋದಿಲ್ಲ. ಅದಕ್ಕೆ ಸಿಗೋದು ವೋಲ್ಟೇಜ್ ಮತ್ತು ಸಮಯ ಮಾತ್ರ. ಹಾಗಾಗಿ ಕೋಡ್ ಅಂದ್ರೆ ರೋಗದ ಲಕ್ಷಣ. "ಈ ಪಾರ್ಟ್ ಬದಲಾಯಿಸು" ಅನ್ನೋ ಚೀಟಿ ಅಲ್ಲ.

ಹಳೇ ಬಿಲ್ ಹುಡುಕಿದೆ. ಮೊದಲ ಗ್ಯಾರೇಜ್‌ನವರಿಗೆ ಸಿಕ್ಕಿದ್ದು ಪಿ0171, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ನನಗೆ ಸಿಕ್ಕಿದ್ದು ಪಿ0302: ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಇವೆರಡಕ್ಕೂ ಸಂಬಂಧ ಇದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರೊಳಗಿನ ಆಮ್ಲಜನಕ ಖರ್ಚಾಗದೆ ಸೈಲೆನ್ಸರ್ ಕಡೆ ಹೋಗುತ್ತೆ. ಸೆನ್ಸರ್ ಅದನ್ನು ನೋಡಿ "ಗಾಳಿ ಜಾಸ್ತಿ" ಅನ್ನುತ್ತೆ. ಸೆನ್ಸರ್ ಹೇಳಿದ್ದು ಸತ್ಯವೇ. ಸತ್ಯ ಹೇಳಿದವನನ್ನೇ ಕೆಲಸದಿಂದ ತೆಗೆದ ಹಾಗಾಯ್ತು!

ಮಿಸ್‌ಫೈರ್ ಗೊತ್ತಾಗೋದು ಹೇಗೆ?

ಇದು ನನಗೆ ತುಂಬ ಇಷ್ಟ ಆದ ಭಾಗ. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗ್ತಾ ಇದ್ರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಅರ್ಧ ಸುತ್ತಿಗೊಮ್ಮೆ, ಅಂದ್ರೆ 10 ಮಿಲಿಸೆಕೆಂಡ್‌ಗೊಮ್ಮೆ, ಒಂದು ಸಿಲಿಂಡರ್ ಉರಿದು ಕ್ರ್ಯಾಂಕ್‌ಶಾಫ್ಟನ್ನು ತಳ್ಳಬೇಕು. ಒಂದು ಸಿಲಿಂಡರ್ ತಳ್ಳದಿದ್ದರೆ ಆ ಅರ್ಧ ಸುತ್ತು ಸ್ವಲ್ಪ ನಿಧಾನ ಆಗುತ್ತೆ. ಕ್ರ್ಯಾಂಕ್ ಸೆನ್ಸರ್ ಆ ವ್ಯತ್ಯಾಸ ಅಳೆಯುತ್ತೆ. ಯಾವ ಸಿಲಿಂಡರ್ ಸರದಿ ಅಂತ ಇಸಿಯುಗೆ ಗೊತ್ತಿರೋದ್ರಿಂದ ನಂಬರ್ ಸಮೇತ ಹೇಳುತ್ತೆ.

ಕೋಡ್ ಜೊತೆ ಫ್ರೀಝ್ ಫ್ರೇಮ್ ಅಂತ ಇನ್ನೊಂದು ಮಾಹಿತಿ ಇರುತ್ತೆ. ತೊಂದರೆ ಆದ ಕ್ಷಣದ ಫೋಟೋ ಇದ್ದ ಹಾಗೆ. ನಮ್ಮದರಲ್ಲಿ ಕೂಲೆಂಟ್ 29 ಡಿಗ್ರಿ, ವೇಗ ಸೊನ್ನೆ ಅಂತ ಇತ್ತು. ಅಂದ್ರೆ ಬೆಳಿಗ್ಗೆ ಮನೆ ಅಂಗಳದಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಆಗ್ತಿರೋ ತೊಂದರೆ. ಕೋಡ್ ಅಳಿಸಿದರೆ ಈ ಫೋಟೋನೂ ಹೋಗುತ್ತೆ. ಅದಕ್ಕೇ ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಅಳಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮಿಸ್‌ಫೈರ್‌ಗೆ ಕಾರಣ ಇಗ್ನಿಷನ್ ಕಾಯಿಲ್ ಇರಬಹುದು, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ಇರಬಹುದು. ಎಲ್ಲಾ ಹೊಸದು ಹಾಕಿದರೆ ದುಡ್ಡೂ ಹೋಗುತ್ತೆ, ಕಾರಣವೂ ಗೊತ್ತಾಗಲ್ಲ. ಅದರ ಬದಲು ಅದಲು ಬದಲು ಮಾಡಿ ನೋಡೋದು. ಎಂಜಿನ್ ತಣ್ಣಗಿದ್ದಾಗ, ಆಫ್ ಮಾಡಿ, 2ನೇ ಸಿಲಿಂಡರ್ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿದೆ. ಕಾಯಿಲ್ ಹಾಳಾಗಿದ್ರೆ ಮುಂದಿನ ಸಲ ಪಿ0303 ಬರಬೇಕು.

ಎರಡು ದಿನ ಬಿಟ್ಟು ರಾತ್ರಿ ಜೋರು ಮಳೆ. ಬೆಳಿಗ್ಗೆ ಮತ್ತೆ ಪಿ0302. ಸರಿ, ಕಾಯಿಲ್ ಅಲ್ಲ. ಪ್ಲಗ್ ಬದಲಾಯಿಸೋಣ ಅಂತ ಕಾಯಿಲ್ ತೆಗೆದು ಪ್ಲಗ್ ಕೂತಿರೋ ಗುಂಡಿಗೆ ಟಾರ್ಚ್ ಬಿಟ್ಟೆ. ತಳದಲ್ಲಿ ನೀರು! ಸುತ್ತ ತುಕ್ಕಿನ ಗೆರೆ. ಮೊದಲ ಸಲವೇ ಟಾರ್ಚ್ ಹಾಕಿ ನೋಡಬೇಕಿತ್ತು, ಅದು ನನ್ನ ತಪ್ಪು.

ಆಗ ಎಲ್ಲಾ ಅರ್ಥ ಆಯ್ತು. ನೀರಿದ್ದಾಗ ಕಾಯಿಲ್‌ನ ಸಾವಿರಾರು ವೋಲ್ಟ್ ಪ್ಲಗ್‌ನ ಗ್ಯಾಪ್ ಹಾರೋ ಬದಲು ಒದ್ದೆ ಮೇಲ್ಮೈ ಹಿಡಿದು ಎಂಜಿನ್ ಬಾಡಿಗೆ ಹೋಗ್ತಿತ್ತು. ಕಿಡಿ ಇಲ್ಲ, ಉರಿ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ನೀರು ಆರಿ ಎಲ್ಲಾ ಸರಿಯಾಗ್ತಿತ್ತು. ಬೈಂದೂರಿನಿಂದ ಕುಂದಾಪುರದ ಗ್ಯಾರೇಜ್ ಮುಟ್ಟುವಾಗ ಕಾರು ಆರೋಗ್ಯವಾಗಿರುತ್ತಿತ್ತು! ಮೆಕ್ಯಾನಿಕ್ ಕಣ್ಣಿಗೆ ತೊಂದರೆ ಬೀಳೋದಾದ್ರೂ ಹೇಗೆ?

ನೀರು ಎಲ್ಲಿಂದ ಬಂತು? ಬಾನೆಟ್ ತೆಗೆದಿಟ್ಟು ಮುಂದಿನ ಗಾಜಿನ ಬುಡಕ್ಕೆ ಬಾಟಲಿಯಿಂದ ನೀರು ಹೊಯ್ದೆ. ಅದು ಬದಿಯ ತೂತಿನಿಂದ ಕೆಳಗೆ ಇಳಿದು ಹೋಗಬೇಕಿತ್ತು. ಹೋಗಲಿಲ್ಲ, ತುಂಬಿ ಎಂಜಿನ್ ಕಡೆ ತೊಟ್ಟಿಕ್ಕಿತು. ನಮ್ಮ ಕಾರು ನಿಲ್ಲೋದು ಮಾವಿನ ಮರದ ಕೆಳಗೆ. ತೂತಿನ ತುಂಬ ಕೊಳೆತ ಎಲೆ. ಜೊತೆಗೆ ಅಲ್ಲಿದ್ದ ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟಿತ್ತು.

ಎಲೆ ತೆಗೆದೆವು. ಗುಂಡಿಯನ್ನು ಗಾಳಿ ಹೊಡೆಸಿ ಒಣಗಿಸಿ, ತುಕ್ಕು ಹಿಡಿದ ಪ್ಲಗ್ ಜೊತೆ ಉಳಿದ ಮೂರನ್ನೂ ಬದಲಾಯಿಸಿ, ಸೀಲ್ ಹೊಸದು ಹಾಕಿಸಿದೆವು. (ಗಾಳಿ ಹೊಡೆಯದೆ ಪ್ಲಗ್ ಬಿಚ್ಚಬೇಡಿ, ಕಸ ಸಿಲಿಂಡರ್ ಒಳಗೆ ಬೀಳುತ್ತೆ.) ಸೆನ್ಸರ್‌ಗೆ ಕೊಟ್ಟಿದ್ದಕ್ಕಿಂತ ತುಂಬ ಕಡಿಮೆ ಖರ್ಚು.

ನಿಮ್ಮ ಮನೆ ಕಾರಿಗೂ ಹೀಗೆ ಆದ್ರೆ ಮೂರು ಮಾತು ನೆನಪಿಡಿ. ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ಟೆಂಪರೇಚರ್ ಮತ್ತು ಆಯಿಲ್ ಲೈಟ್ ನೋಡಿ, ನಿಧಾನ ಓಡಿಸಿ, ಬೇಗ ತೋರಿಸಿ. ಲೈಟ್ ಮಿನುಗ್ತಾ ಇದ್ರೆ ವೇಗ ತಗ್ಗಿಸಿ ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡಬಹುದು. ಮೂರನೇದು, ಯಾವಾಗ ಬರುತ್ತೆ ಅಂತ ಬರೆದಿಡಿ: ಮಳೆಗೋ, ಚಳಿಗೋ, ಚಡಾವು ಹತ್ತುವಾಗಲೋ. ಮೆಕ್ಯಾನಿಕ್‌ಗೆ ಕೋಡ್‌ನಷ್ಟೇ ಇದೂ ಬೇಕು.

ಆಮೇಲೆ ಆ ಮಳೆಗಾಲ ಪೂರ್ತಿ ಲೈಟ್ ಬರಲಿಲ್ಲ. ಕಾರು ಮಾರುವ ಮಾತೂ ನಿಂತಿದೆ. ಈಗ ಮಣಿಪಾಲಕ್ಕೆ ಹೊರಡೋ ಹಿಂದಿನ ಸಂಜೆ ಅಪ್ಪಯ್ಯ ಗಾಜಿನ ಬುಡದಲ್ಲಿ ಕೈ ಹಾಕಿ ಎಲೆ ಹೆಕ್ಕುತ್ತಾರೆ. ನಾನು ಫೋನ್ ಮಾಡಿದಾಗ ಅದನ್ನು ಮಾತ್ರ ಮರೆಯದೆ ಹೇಳ್ತಾರೆ.